ಸತ್ತ ದಿನದ ರಜೆ

“ನಿಮ್ಮಪ್ಪ ಸತ್ತಾನೇನಲೇ ಮಾದಿಗ ಸೂಳಿಮಗನ, ಗಂಡಾ ಹೆಂಡ್ತಿ ಕೂಡಿ ರಜಾ ಮಾಡಾಕ?”

“ಹೌದ್ರಿ ಗೌಡ್ರ,” ಎಂದ ಸಿದ್ದರಾಮ. “ಇವತ್ತ ಸತ್ತ ದಿನಾ ಐತ್ರಿ.”

ಅವನು ಚೇಷ್ಟೆಗೆ ಹೇಳಿರಲಿಲ್ಲ. ಅವತ್ತು ಶುಭ ಶುಕ್ರವಾರ. ಏಸು ಶಿಲುಬೆಯ ಮೇಲೆ ಸತ್ತ ದಿನ ಕಬ್ಬು ಕಡಿಯುವ ಕೊಯ್ತಾ ಮುಟ್ಟುವುದಿಲ್ಲವೆಂದು ಅವನೂ ಹೆಂಡತಿ ಸತ್ಯವ್ವನೂ ವಾರದ ಹಿಂದೆಯೇ ಗೌಡನಿಗೆ ಹೇಳಿ ಬಂದಿದ್ದರು. ಆದರೆ ತೊರಗಲ್ಲಿನ ಹೊಳೆಸಾಲಿನಲ್ಲಿ ಮಹಾಂತಪ್ಪಗೌಡನ ಹತ್ತೆಕರೆ ಕಬ್ಬು ನಿಂತಿತ್ತು. ಸಕ್ಕರೆ ಫ್ಯಾಕ್ಟರಿ ಬಂದ್ ಆಗಲು ನಾಲ್ಕೇ ದಿನ ಉಳಿದಿತ್ತು. ಕೇರಿಯ ಆಳು ರಜೆ ಕೇಳುವ ಬದಲು ಹೇಳಿ ಹೋದದ್ದಕ್ಕೆ ಗೌಡನ ಮೈಯೆಲ್ಲ ಉರಿದಿತ್ತು. ನಾಲ್ಕು ಜನರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮನೆ ಬಾಗಿಲಿಗೇ ಬಂದಿದ್ದ.

ಕೈಯಲ್ಲಿದ್ದ ಕಬ್ಬಿನಿಂದಲೇ ಬಾರಿಸಿದ. ಮೊದಲ ಏಟು ಮುಖಕ್ಕೆ ಬಿತ್ತು. ಎರಡನೆಯದನ್ನು ಸಿದ್ದರಾಮ ಹಿಡಿದುಬಿಟ್ಟ. ಅವನು ಮಾಡಿದ ಅಪರಾಧ ಅಷ್ಟೇ.

“ಕೈ ಹಿಡೀತಿ ಏನಲೇ ಭಾಡ್ಯಾ! ಮುರೀರಲೇ ಆ ಕೈ!”

ಕೈ ಮುರಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮೊಣಕಾಲು ಒಡೆದರು, ಬಿದ್ದವನ ತಲೆಗೆ ರಾಡು ಹಾಕಿದರು. ಅದು ಬಡಿದ ಸಪ್ಪಳ ಉಪವಾಸವಿದ್ದು ಒಳಗೆ ಜಪ ಹೇಳುತ್ತ ಕುಳಿತ ಸತ್ಯವ್ವನಿಗೆ ಕೇಳಿಸಿತು. ಅವಳು ಜಂತಿಗೆ ಸಿಕ್ಕಿಸಿದ್ದ ಕೊಯ್ತಾ ಹಿರಿದುಕೊಂಡು ಹೊರಗೆ ಬಂದಳು. ಯಾರನ್ನೂ ಏನನ್ನೂ ಕೇಳಲಿಲ್ಲ. ಬೀಸಿದ ಒಂದೇ ಏಟಿಗೆ ಗೌಡನ ಎಡಗಿವಿ ಕೆನ್ನೆಯ ಮೇಲೆ ಜೋತುಬಿತ್ತು.

ಸಿದ್ದರಾಮ ಭಾನುವಾರ ಆಸ್ಪತ್ರೆಯಲ್ಲಿ ಸತ್ತ. ಆ ಹೊತ್ತಿಗೆ ಸತ್ಯವ್ವ ಠಾಣೆಯಲ್ಲಿದ್ದಳು. “ಗೌಡ್ರ ಕಿವಿ ಕೊಯ್ತಿ ಏನ, ರಂಡಿ?” ಎನ್ನುತ್ತ ಹವಾಲ್ದಾರ ಅವಳ ಅಂಗಾಲಿಗೆ ಲಾಠಿ ಬಿಡುತ್ತಿದ್ದ. ಗಂಡನ ಮುಖ ನೋಡಲು ಬಿಡಲಿಲ್ಲ. ಮಣ್ಣಿಗೆ ಹೋಗಲೂ ಬಿಡಲಿಲ್ಲ. ಗೌಡನ ಮೇಲೊಂದು ಕೇಸು, ಅವಳ ಮೇಲೊಂದು ಕೇಸು ಮಾಡಿ ಇಬ್ಬರನ್ನೂ ಜೈಲಿಗೆ ಕಳಿಸಿದರು. ಗೌಡ ಮಾತ್ರ ಕಿವಿಯ ನೆಪದಲ್ಲಿ ಆಸ್ಪತ್ರೆಯ ಮಂಚದ ಮೇಲೇ ಉಳಿದುಕೊಂಡ.

ಎಂಟು ದಿನದ ಮೇಲೆ ವಕೀಲ ಸದಾಶಿವ ಜೈಲಿಗೆ ಬಂದ. ಅವರದೇ ಕೇರಿಯ ಹುಡುಗ, ಕರಿಕೋಟು ಹಾಕಿದವರಲ್ಲಿ ಮೊದಲನೆಯವನು.

“ಯಕ್ಕಾ, ನಾಳೆ ಗೌಡನ ಜಾಮೀನ ಅರ್ಜಿ ಐತಿ. ಜಡ್ಜ್ ಸಾಹೇಬ್ರು ನಿನ್ನ ಕೇಳತಾರ. ನಾವು ಹಿಂದೂ ಮಾದರು, ಫಾದರ್ ನಮಗ ತಿಳೀದಂಗ ಹೆಸರ ಬರಕೊಂಡಾರ ಅಂತ ಹೇಳ. ದಲಿತರ ಮ್ಯಾಲಿನ ಅಟ್ರಾಸಿಟಿ ಕೇಸ್ ಗಟ್ಟಿಯಾಗಿ ನಿಲ್ಲತೈತಿ. ಅಂವ ಹೊರಗ ಬರೂದಿಲ್ಲ.”

“ಹಂಗ ಹೇಳದಿದ್ರ?”

“ಕಿರಿಸ್ತಾನರಿಗೆ ಆ ಕಾಯ್ದೆ ಹತ್ತೂದಿಲ್ಲ. ಅವರ ವಕೀಲ ಚರ್ಚಿನ ರಜಿಸ್ಟರ್ ನಕಲ ತಂದಾನ. ರಾಡ ಹಾಕಿದವ್ರು ಆಳುಗಳು ಅಂತ ಹೇಳಿ ಅಂವ ಮನಿಗಿ ಹೊಕ್ಕಾನ, ನೀ ಇಲ್ಲೇ ಕೊಳೀತಿ.”

“ಬಡಿಯೂ ಮುಂದ ಕಿರಿಸ್ತಾನ ಅಂತ ಬೈದನೇನೋ ಅಂವ? ಮಾದಿಗ ಅಂತ ಬೈದ. ಊರೆಲ್ಲಾ ಕೇಳೇತಿ.”

“ನನಗ ಗೊತ್ತೈತಿ ಯಕ್ಕಾ. ಕಾಯ್ದೆ ಕೇಳಬೇಕಲ್ಲ?”

ಸತ್ಯವ್ವನಿಗೆ ಗೌಡ ಜೈಲಿನಲ್ಲೇ ಹುಳ ಬಿದ್ದು ಸಾಯಬೇಕೆಂಬ ಆಸೆಯಿತ್ತು. ಕ್ಷಮಿಸು ಎಂದು ದಿನವೂ ಜಪದಲ್ಲಿ ಹೇಳುತ್ತಿದ್ದಳು, ಹೇಳಿದಷ್ಟೂ ದ್ವೇಷ ಹೆಚ್ಚುತ್ತಿತ್ತು. ಒಂದೇ ಒಂದು ಸುಳ್ಳಿಗೆ ಅವನು ಒಳಗೇ ಬಿದ್ದಿರುತ್ತಾನೆ. ಅವಳ ಬಾಯಲ್ಲಿ ನೀರೂರಿತು.

“ಗೌಡನ ಹಿತ್ತಲದಾಗ ನಮ್ಮ ಬೊಗಸಿಗೆ ಮ್ಯಾಲಿಂದ ನೀರ ಹೊಯ್ತಿದ್ರು, ಸದಾಶಿವಾ,” ಎಂದಳು. “ಫಾದರ್ ತಮ್ಮ ಕೈಲೆ ನನ್ನ ಗಂಡನ ನಾಲಿಗಿ ಮ್ಯಾಲ ಪ್ರಸಾದ ಇಟ್ರು. ಸಾಯೂ ಮುಂದೂ ಬಂದು ಇಟ್ರಂತ. ಅದನ್ನ ನುಂಗಿ ಸತ್ತಾನ ಅಂವ. ಅದು ಸುಳ್ಳ ಅಂತ ಹೆಂಗ ಹೇಳ್ಲೋ?”

ಸದಾಶಿವ ಜಾಳಿಗೆಗೆ ಹಣೆ ಹಚ್ಚಿ ಅತ್ತ. “ದೇವರು ತಿಳಕೋತಾನ ಯಕ್ಕಾ. ಗೌಡಂತೂ ತಿಳಕೊಳ್ಳೂದಿಲ್ಲ.”

ಮರುದಿನ ಕೋರ್ಟಿನಲ್ಲಿ ಗೌಡನಿಗೆ ಕುರ್ಚಿ ಹಾಕಿದ್ದರು. ಸತ್ಯವ್ವನ ಬಲಗೈಯನ್ನು ಮಹಿಳಾ ಪೇದೆ ಮಂಜುಳಾಳ ಎಡಗೈಗೆ ಕೂಡಿಸಿ ಬೇಡಿ ಹಾಕಿದ್ದರು. ಹೆಂಗಸರಿಗೆ ಬೇಡಿ ಹಾಕಬಾರದೆಂದು ನಿಯಮವಿದೆಯಂತೆ, ಯಾವ ಹೆಂಗಸರಿಗೋ.

“ಹೇಳಮ್ಮಾ,” ಎಂದರು ಸಾಹೇಬರು. “ನೀನು ಹಿಂದೂನೋ, ಕ್ರಿಶ್ಚಿಯನ್ನೋ?”

ಬ್ಯಾಂಡೇಜಿನ ಕೆಳಗೆ ಗೌಡ ನಗುತ್ತಿದ್ದ. ಆ ನಗೆ ಕಂಡು ಸತ್ಯವ್ವನ ನಾಲಿಗೆಗೆ ಸುಳ್ಳು ಬಂದೇಬಿಟ್ಟಿತು. ಹಲ್ಲು ಕಚ್ಚಿ ಕೈ ಎತ್ತಿದಳು.

ಬೇಡಿಯ ಜೊತೆ ಮಂಜುಳಾಳ ಕೈಯೂ ಎದ್ದಿತು. ಹಣೆ ಮುಟ್ಟಿದಳು, ಎದೆ ಮುಟ್ಟಿದಳು. “ಏ, ಕೈ ಬಿಡ!” ಎಂದು ಮಂಜುಳಾ ಜಗ್ಗಿದಳು. ಮುಂಗೈ ಚರ್ಮ ಕಿತ್ತು ರಕ್ತ ಬಂತು. ಎಡಭುಜಕ್ಕೆ ಕೈ ಒಯ್ದಾಗ ಲಾಠಿಯ ತುದಿ ಪಕ್ಕೆಗೆ ನಾಟಿತು. ಸತ್ಯವ್ವ ಬಗ್ಗಿದಳು, ಎದ್ದಳು, ಪೇದೆಯ ಕೈಯನ್ನೂ ಎಳೆದುಕೊಂಡೇ ಬಲಭುಜ ಮುಟ್ಟಿ ಶಿಲುಬೆಯ ಗುರುತು ಮುಗಿಸಿದಳು.

“ಕಿರಿಸ್ತಾನಾಕಿ ಅದೀನ್ರಿ. ಮಾದರಾಕೀನೂ ಅದೀನ್ರಿ. ಅದಕ್ಕ ಕೊಂದಾರ್ರಿ ನನ್ನ ಗಂಡನ್ನ. ಎರಡೂ ಬರಕೊಳ್ರಿ ಸಾಹೇಬ್ರ.”

ಬೆರಳಚ್ಚಿನವನು ತಲೆ ಎತ್ತಿ ಸಾಹೇಬರ ಮುಖ ನೋಡಿದ.

ಮೊದಲನೆಯದನ್ನು ಮಾತ್ರ ಬರೆದುಕೊಳ್ಳಲು ಅವರು ಹೇಳಿದರು.