ತುರುಪಿನ ಎಕ್ಕ ಮತ್ತು ಯೆಪ್ಪೆಯ ಕಿವಿ

ಡೆನ್ಮಾರ್ಕಿನಿಂದ ಬಂದ ಆ ಮುದುಕನಿಗೆ ನಮ್ಮ ಸೆತೂಬಲ್ ಊರಿನಲ್ಲಿ ಎಲ್ಲವೂ ಅಗ್ಗ. ಕಾಫಿ ಅಗ್ಗ, ಬೂತಾಯಿ ಮೀನು ಅಗ್ಗ, ಹಲ್ಲು ಕೀಳಿಸಿಕೊಳ್ಳುವುದೂ ಅಗ್ಗ. ನಮ್ಮ ಭಾಷೆಯಲ್ಲಿ ಅವನು ಮೊದಲು ಕಲಿತ ಮಾತೇ ಅದು. ಹೆಸರು ಯೆಪ್ಪೆ. ನಾನು ಮನಸ್ಸಿನಲ್ಲಿ ಬೆಪ್ಪ ಎಂದೇ ಕರೆಯುತ್ತಿದ್ದೆ. ಅಲ್ಲೊಂದು ಗುಬ್ಬಿಗೂಡಿನಂಥ ಮನೆ ಮಾರಿ, ಇಲ್ಲಿ ನಮ್ಮ ಬೀದಿಯಲ್ಲೇ ಬಾಲ್ಕನಿಯ ಮನೆ ಕೊಂಡು, ಸಾಯುವವರೆಗೂ ಇಲ್ಲೇ ಇರುತ್ತೇನೆ ಎಂದು ಎಲ್ಲರ ಕೈ ಕುಲುಕಿದ. ಇರಲಿ, ಬಾಲ್ಕನಿಯೂ ಅವನಿಗೇ ಇರಲಿ. ನನ್ನ ಹೊಟ್ಟೆ ಉರಿದದ್ದು ಒಂದು ಕುರ್ಚಿಗೆ.

ಕುಸ್ತೋದಿಯೊನ ವೈನಿನಂಗಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ಅದೆಲಿನೊನ ಎದುರಿನ ಕುರ್ಚಿ. ನಾನೂ ಅದೆಲಿನೊನೂ ಒಂದೇ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ಕಣ್ಣು ಹಾಳುಮಾಡಿಕೊಂಡವರು. ಮೂವತ್ತು ವರ್ಷದಿಂದ ಇಸ್ಪೀಟಿನಲ್ಲಿ ಜೋಡಿ. ನಮ್ಮ ಆಟದಲ್ಲಿ ಎದುರೆದುರು ಕೂತವರೇ ಜೋಡಿ, ಕೈಯಲ್ಲಿರುವ ಎಲೆಯ ಬಗ್ಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಅದಕ್ಕೇ ನಮ್ಮಿಬ್ಬರ ನಡುವೆ ಒಂದು ಸನ್ನೆಯಿತ್ತು. ಕಿವಿಯ ಹಾಲೆ ಮುಟ್ಟಿಕೊಂಡರೆ ತುರುಪಿನ ಎಕ್ಕ ನನ್ನಲ್ಲಿದೆ ಎಂದರ್ಥ. ಮೋಸ ಎನ್ನುವವರು ಎನ್ನಲಿ. ನನ್ನ ಹೆಂಡತಿ ಜುಲ್ಮೀರಾಳಿಗೂ ಹೇಳದ ಗುಟ್ಟು ಅದು.

ಚಳಿಗಾಲದಲ್ಲಿ ನನ್ನ ಮಂಡಿಯ ಆಪರೇಷನ್ ಆಯಿತು. ಮನೆಯಲ್ಲಿ ಬಿದ್ದುಕೊಂಡಿದ್ದೆ. ಕೋಲೂರಿಕೊಂಡು ಅಂಗಡಿಗೆ ಮರಳಿದ ದಿನ ನನ್ನ ಕುರ್ಚಿಯಲ್ಲಿ ಆ ಬೆಪ್ಪ ಕೂತಿದ್ದ.

"ನಾಲ್ಕನೇವ್ನು ಇಲ್ದೆ ಆಟ ಹೇಗೋ ನಡೀಬೇಕು ಮಾರಾಯ?" ಅಂದ ಅದೆಲಿನೊ. "ಪಾಪ, ಕಲೀತಿದಾನೆ. ಅಂಗಡಿ ಪಂದ್ಯಕ್ಕೆ ನಾನೂ ಇವ್ನೂ ಹೆಸರು ಕೊಟ್ಟಾಗಿದೆ. ಅದೊಂದು ಮುಗೀಲಿ."

"ಮುಗಿದ್ಮೇಲೆ?"

"ಮುಗಿದ್ಮೇಲೆ ನೋಡೋಣ ಬಿಡೋ."

ನೋಡೋಣವಂತೆ! ನಮ್ಮ ಆಟದಲ್ಲಿ ರಾಜನಿಗಿಂತ ಏಳು ದೊಡ್ಡದು, ರಾಣಿಗಿಂತ ಗುಲಾಮ ದೊಡ್ಡವನು. ಅದೂ ತಿಳಿಯದ ಬೆಪ್ಪ ತುರುಪಿನ ಏಳನ್ನು ಕಸದ ಎಲೆಯಂತೆ ಎಸೆದ. ನಾನು ಹಾಗೆ ಎಸೆದಿದ್ದರೆ ಅದೆಲಿನೊ ವಾರಗಟ್ಟಲೆ ಮುಖ ಕೊಡುತ್ತಿರಲಿಲ್ಲ. ಅವನಿಗೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, ಬೆನ್ನು ತಟ್ಟಿ, ಮತ್ತೆ ಮೊದಲಿನಿಂದ ಹೇಳಿಕೊಟ್ಟ. ಅದೆಲಿನೊ ಹಾಗೆ ನಕ್ಕದ್ದನ್ನು ನಾನು ನೋಡಿ ಯಾವ ಕಾಲವಾಗಿತ್ತೋ. ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಊರಿನಲ್ಲಿ ಅವನಿಗೆ ಎಲ್ಲಕ್ಕಿಂತ ಅಗ್ಗವಾಗಿ ಸಿಕ್ಕಿದ್ದು ನನ್ನ ಅದೆಲಿನೊ.

ಮನೆಯಲ್ಲಿ ಜುಲ್ಮೀರಾ ಬಡಿಸುತ್ತಾ ಹಂಗಿಸಿದಳು. "ನನ್ ತಂಗಿ ಗಂಡ ಓಡಿಹೋದಾಗ್ಲೂ ಅವಳು ಇಷ್ಟು ಮುಖ ಊದಿಸ್ಕೊಂಡಿರ್ಲಿಲ್ಲ ಎರ್ಮಿನಿಯೊ. ಬೇಕಾದ್ರೆ ಹೋಗಿ ಅದೆಲಿನೊನ್ನೇ ಮದುವೆ ಮಾಡ್ಕೋ."

"ನಿಂಗೇನ್ ಗೊತ್ತಾಗತ್ತೆ, ಸಾರು ಹಾಕು" ಅಂದೆ.

ಪಂದ್ಯದ ದಿನ ಅಂಗಡಿ ಗಿಜಿಗುಟ್ಟುತ್ತಿತ್ತು. ಬಹುಮಾನದ ಹಂದಿತೊಡೆ ಸೂರಿನ ಕೊಕ್ಕೆಯಲ್ಲಿ ತೂಗುತ್ತಿತ್ತು. ಬೇರೆ ಗತಿಯಿಲ್ಲದೆ ನಾನು ಲಿಯೊನೆಲ್‌ನ ಜೋಡಿಯಾಗಿದ್ದೆ. ಇಷ್ಟು ವರ್ಷವೂ ನನ್ನ ಮತ್ತು ಅದೆಲಿನೊನ ಕೈಲಿ ಸೋತು ಸುಣ್ಣವಾದ ಸಾಧು ಪ್ರಾಣಿ ಅವನು. ಕೊನೆಯ ಆಟಕ್ಕೆ ಉಳಿದವರು ನಾವಿಬ್ಬರು, ಮತ್ತು ಅವರಿಬ್ಬರು. ಅದೆಲಿನೊ ನನ್ನ ಎಡಕ್ಕೆ, ಬೆಪ್ಪ ನನ್ನ ಬಲಕ್ಕೆ. ಅದೆಲಿನೊ ಹತ್ತಿರವೇ ಇದ್ದ, ಆದರೂ ಎದುರಿರಲಿಲ್ಲ.

ಲಿಯೊನೆಲ್ ಎಲೆ ಹಂಚಿದ. ಆಠೀನು ತುರುಪು. ಯೆಪ್ಪೆ ತನ್ನ ಎಲೆಗಳನ್ನು ಬಿಚ್ಚಿ ನೋಡಿದ. ಆಮೇಲೆ ಅವನ ಕೈ ಮೆಲ್ಲಗೆ ಮೇಲೆದ್ದು, ಕಿವಿಯ ಹಾಲೆಯನ್ನು ಮುಟ್ಟಿತು. ಒಮ್ಮೆ ಎಳೆಯಿತು. ಎದುರಿನಿಂದ ಅದೆಲಿನೊ ಮುಗುಳ್ನಕ್ಕ.

ಕುರ್ಚಿ ಕೊಟ್ಟದ್ದು ಸಾಲದೆ ಅದನ್ನೂ ಕೊಟ್ಟನೇ? ಹೆಂಡತಿಗೂ ಹೇಳದ್ದನ್ನು?

"ಕಳ್ಳಾಟ!" ಎಂದು ಕೂಗಿ ಕೈಯಲ್ಲಿದ್ದ ಎಲೆಗಳನ್ನು ಮೇಜಿಗೆ ಬಡಿದೆ. "ನೋಡ್ರಪ್ಪಾ, ಎಲ್ರೂ ನೋಡಿ! ಕಿವಿ ಮುಟ್ಟಿದ. ಕಿವಿ ಮುಟ್ಟಿದ್ರೆ ತುರುಪಿನ ಎಕ್ಕ ನನ್ ಹತ್ರ ಇದೆ ಅಂತ. ಆಠೀನ್ ಎಕ್ಕ ಈ ಬೆಪ್ಪನ ಕೈಲಿದೆ!"

ಕುಸ್ತೋದಿಯೊ ಗಲ್ಲಾ ಬಿಟ್ಟು ಬಂದ. ಯೆಪ್ಪೆ ಪಿಳಿಪಿಳಿ ನೋಡಿದ. ಮತ್ತೆ ಕಿವಿ ಮುಟ್ಟಿಕೊಂಡ. ನಮ್ಮ ಬಿಸಿಲಿಗೆ ಸುಟ್ಟು ಕೆಂಪಗಾದ ಕಿವಿ. ಅದರಿಂದ ಈರುಳ್ಳಿ ಸಿಪ್ಪೆಯಂತೆ ತೆಳ್ಳನೆಯ ಚರ್ಮ ಸುಲಿದು ಅವನ ಬೆರಳಿಗೆ ಅಂಟಿತು.

"ಬಿಸಿಲು" ಅಂದ ಅವನು. "ಉರಿ. ತುಂಬಾ ಉರಿ."

ಲಿಯೊನೆಲ್ ಮೇಜಿನ ಮೇಲೆ ಬೆರಳಿಟ್ಟ. ನಾನು ಬಡಿದ ಎಲೆಗಳು ಮುಖ ಮೇಲಾಗಿ ಬಿದ್ದಿದ್ದವು. ನಡುವೆ ಆಠೀನ್ ಎಕ್ಕ. ಅದು ಬಂದಾಗಿನಿಂದ ನನ್ನ ಕೈಯಲ್ಲೇ ಇತ್ತು. ಅವರಿಬ್ಬರನ್ನೇ ಕಾಯುವ ಭರದಲ್ಲಿ ನಾನು ನನ್ನ ಎಲೆಗಳನ್ನು ಬಿಚ್ಚಿ ಕೂಡ ನೋಡಿರಲಿಲ್ಲ.

"ಅದಿರ್ಲಿ" ಅಂದ ಲಿಯೊನೆಲ್, ತಣ್ಣಗೆ. "ಕಿವಿ ಮುಟ್ಟಿದ್ರೆ ಎಕ್ಕ ಅಂತ ನಿಂಗ್ ಹೇಗ್ ಗೊತ್ತು?"

ನಾನು ಬಿದ್ದ ಎಲೆಗಳನ್ನು ಬಾಚಿಕೊಳ್ಳತೊಡಗಿದೆ.

"ಹಾಗಾದ್ರೆ ಇಷ್ಟ್ ವರ್ಷ ನಾನು ಸೋತದ್ದೆಲ್ಲಾ..." ಎಂದು ಅವನು ಅದೆಲಿನೊನ ಕಡೆ ತಿರುಗಿದ. ಅದೆಲಿನೊ ತಲೆ ತಗ್ಗಿಸಿದ.

"ಇಬ್ರೂ ಏಳಿ" ಅಂದ ಕುಸ್ತೋದಿಯೊ. "ಈ ಅಂಗಡೀಲಿ ಇನ್ನು ನಿಮ್ಗೆ ಕಾಫಿ ಸಿಗತ್ತೆ. ಎಲೆ ಸಿಗಲ್ಲ."

ಹೊರಗೆ ಬಂದೆವು. ಅದೆಲಿನೊ ಟೋಪಿಯನ್ನು ಕೈಯಲ್ಲೇ ತಿರುವುತ್ತಾ ನಿಂತ.

"ನಗ್ತಿದ್ದೆಯಲ್ಲೋ ಅವನ್ನ ನೋಡಿ!" ಅಂದೆ. ಆಗಲೂ ನನಗೆ ಉರಿ ಇಳಿದಿರಲಿಲ್ಲ.

"ಅವನ ಕೈ ಕಿವಿಗೆ ಹೋಗಿದ್ ನೋಡಿ ನೀನು ನೆನಪಾದೆ, ಅದಕ್ಕೆ ನಕ್ಕೆ" ಅಂದ. "ಅವ್ನಿಗೆ ಆಟ ಹೇಳ್ಕೊಟ್ಟೆ, ಹೌದು. ಇದನ್ನ ಹೇಳ್ಕೊಡ್ಲಿಲ್ಲ ಕಣೋ. ಇದು ನಮ್ದು ಅಂತ ಇಟ್ಕೊಂಡಿದ್ದೆ."

ಅಷ್ಟು ಹೇಳಿ ಹೊರಟುಹೋದ.

ಈಗ ಲಿಯೊನೆಲ್‌ಗೆ ಯೆಪ್ಪೆಯೇ ಜೋಡಿ. ಮತ್ತೊಮ್ಮೆ ನಡೆದ ಪಂದ್ಯದಲ್ಲಿ ಹಂದಿತೊಡೆಯನ್ನೂ ಅವರೇ ಹೊಡೆದರಂತೆ. ಯೆಪ್ಪೆ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ನಮ್ಮ ಮನೆಗೆ ತಂದುಕೊಟ್ಟ. ಜುಲ್ಮೀರಾ ತಿಂದಳು, ನಾನು ಮುಟ್ಟಲಿಲ್ಲ.

ಮಧ್ಯಾಹ್ನ ನಾನು ದೋಣಿಕಟ್ಟೆಯ ಕಲ್ಲುಗೋಡೆಯ ಮೇಲೆ ಹೋಗಿ ಕೂರುತ್ತೇನೆ. ಬೇರೆಲ್ಲೂ ಜಾಗವಿಲ್ಲದ್ದರಿಂದ ಅದೆಲಿನೊನೂ ಅಲ್ಲಿಗೇ ಬರುತ್ತಾನೆ. ಎದುರು ಕೂರಲು ಅಲ್ಲಿ ಕುರ್ಚಿಯಿಲ್ಲ. ಒಂದೇ ಗೋಡೆ. ನಡುವೆ ಇನ್ನೊಬ್ಬ ಕೂರುವಷ್ಟು ಜಾಗ ಬಿಟ್ಟು ಕೂರುತ್ತಾನೆ. ನಿನ್ನೆ ಅವನು ಒಮ್ಮೆ ನನ್ನ ಕಡೆ ತಿರುಗಿದ. ನಾನು ಕಿವಿಯ ಹಾಲೆ ಮುಟ್ಟಿಕೊಂಡೆ.

ನೋಡಿದ. ನೋಡಿದ್ದು ನನಗೆ ಚೆನ್ನಾಗಿ ಗೊತ್ತು. ಆಮೇಲೆ ಟೋಪಿಯನ್ನು ಎರಡೂ ಕಿವಿ ಮುಚ್ಚುವಂತೆ ಕೆಳಗೆಳೆದುಕೊಂಡು, ನೀರಿನ ಕಡೆ ತಿರುಗಿ ಕೂತ.