ಗೋಡೆ ಮೇಲಿನ ಗ್ಯಾಲಕ್ಸಿ

ನಾನು ಹುಟ್ಟಾ ಸಂಶಯದವಳು. ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ. ಲೆಕ್ಕ ತಪ್ಪಿದ್ದರೆ ಸುಮ್ಮನಿರುತ್ತೇನೆ, ಸರಿಯಿದ್ದರೆ ಮಾತ್ರ ಪಕ್ಕದ ಹುಡುಗಿಯ ಹಾಳೆ ತೆಗೆದು ನೋಡುತ್ತೇನೆ. ಅಂಥವಳಿಗೆ, ೧೯೮೩ರ ಬೇಸಿಗೆ ರಜೆಯಲ್ಲಿ ತಮ್ಮ ಪ್ರಹ್ಲಾದ ಮುಂಬಯಿಯಿಂದ ಒಂದು ಟ್ರಂಕು ಹೊತ್ತು ತಂದು, ಇದರಲ್ಲೇನಿದೆಯೆಂದು ಯಾರಿಗೂ ಹೇಳಬೇಡ ಎಂದಾಗ ಒಳಗೊಳಗೇ ಖುಷಿಯಾಯಿತು. ಮನೆಯಲ್ಲಿ ನನ್ನಂಥದೇ ಇನ್ನೊಂದು ತಲೆ ಇದೆಯಲ್ಲ ಅಂತ.

ಟ್ರಂಕಿನ ಕೀಲಿಕೈ ನನ್ನ ಕೈಗೇ ಕೊಟ್ಟ.

"ನಿನ್ನ ಬಿಟ್ರ ನಾ ಯಾರನ್ನೂ ನಂಬೂದಿಲ್ಲ, ಅಕ್ಕಾ" ಎಂದ.

ಅದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಸ್ನಾನಕ್ಕೆ ಹೋಗುವಾಗಲೂ ಬಿಚ್ಚಿಡುತ್ತಿರಲಿಲ್ಲ.

ಟ್ರಂಕಿನ ತುಂಬ ಬರೀ ಅಂಕಿಗಳು. ಕೆಲವು ಗ್ಯಾಲಕ್ಸಿಗಳ ನಟ್ಟನಡುವೆ ಇರುವ ಒಂದೇ ಒಂದು ಚುಕ್ಕೆ, ಸುತ್ತಲಿನ ಕೋಟಿಗಟ್ಟಲೆ ನಕ್ಷತ್ರಗಳೆಲ್ಲ ಕೂಡಿದರೂ ಸಾಟಿಯಾಗದಷ್ಟು ಉರಿಯುತ್ತದಂತೆ. ಅಲ್ಲಿಂದ ಹೊರಡುವ ಕ್ಷ-ಕಿರಣ ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಬರುವುದಿಲ್ಲ. ಹಾಗಾಗಿ ದೂರದರ್ಶಕವನ್ನೇ ಉಪಗ್ರಹದಲ್ಲಿಟ್ಟು ಮೇಲೆ ಕಳಿಸುತ್ತಾರೆ. ಅಂಥ ಒಂದು ಅಮೆರಿಕದ ಉಪಗ್ರಹ ಎಣಿಸಿಟ್ಟ ಅಂಕಿಗಳು ಪ್ರಹ್ಲಾದನ ಸಂಸ್ಥೆಗೆ ಬಂದಿದ್ದವು. ಅವುಗಳಲ್ಲಿ ಒಂದು ಗ್ಯಾಲಕ್ಸಿ ನಿಮಿಷಗಳಲ್ಲೇ ಭುಗಿಲೆದ್ದು ತಣ್ಣಗಾಗುವುದನ್ನು ಅವನು ಕಂಡಿದ್ದ. ಇಷ್ಟು ಬೇಗ ಬದಲಾಗಬೇಕಾದರೆ ಆ ಚುಕ್ಕೆ ತೀರ ಸಣ್ಣದಿರಬೇಕು, ಅಲ್ಲಿ ಕಪ್ಪು ಕುಳಿಯೇ ಇರಬೇಕು. ಇದನ್ನು ಮೊದಲು ಅಚ್ಚು ಹಾಕಿಸಿದವನ ಹೆಸರು ನಿಲ್ಲುತ್ತದೆ. ತಪ್ಪಾಗಿ ಅಚ್ಚು ಹಾಕಿಸಿದವನನ್ನು ಮುಂದೆ ಯಾರೂ ಮೂಸಿಯೂ ನೋಡುವುದಿಲ್ಲ. ಅವನ ಸಂಶೋಧನೆಯ ಅವಧಿ ಜೂನಿಗೆ ಮುಗಿಯುವುದಿತ್ತು, ಐದು ವರ್ಷದ ದುಡಿಮೆ ಇದೊಂದೇ ಲೇಖನದ ಮೇಲೆ ನಿಂತಿತ್ತು.

ನಮ್ಮಿಬ್ಬರ ಸಂಶಯವೆಲ್ಲ ಅಂದಾನಪ್ಪನ ಮೇಲೆ. ಮುಂಡರಗಿ ಕಡೆಯ ಹಿರೇವಡ್ಡಟ್ಟಿಯವನು, ಮುಂಬಯಿಯಲ್ಲಿ ಪ್ರಹ್ಲಾದನ ಪಕ್ಕದ ಮೇಜಿನವನು, ಅದೇ ಉಪಗ್ರಹದ ಅಂಕಿಗಳ ಮೇಲೆ ಕೆಲಸ ಮಾಡುವವನು. ಅವನೂ ರಜೆಗೆ ಊರಿಗೆ ಬಂದಿದ್ದ. ಅವಸರ ಮಾಡಬೇಡ, ಇನ್ನೊಮ್ಮೆ ನೋಡು ಎಂದು ಒಂದು ಕಾಗದ ಬರೆದಿದ್ದ. ತಡ ಮಾಡಿಸಿ ತಾನೇ ಮೊದಲು ಬರೆಯುವ ಹುನ್ನಾರ ಇದು ಎಂದು ಪ್ರಹ್ಲಾದ ಹೇಳಿದ, ನನಗೂ ಖರೆ ಅನಿಸಿತು. ಎರಡು ಸಲ ಆತ ಬಸ್ಸು ಹಿಡಿದು ಮನೆಗೇ ಬಂದ. ಎರಡೂ ಸಲ ನಾನು ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ಕೊಟ್ಟು, ತಮ್ಮ ಲಕ್ಷ್ಮೇಶ್ವರಕ್ಕೆ ಹೋಗಿದ್ದಾನೆ ಎಂದು ಸುಳ್ಳು ಹೇಳಿ ಸಾಗಹಾಕಿದೆ. ಪಡಸಾಲೆಯ ಬಾಗಿಲು ಎಳೆದು ಮುಚ್ಚಿಕೊಂಡೇ ಮಾತಾಡಿದೆ. ಹೋಗುವಾಗ ಅವನು ಬಾಗಿಲ ಕಡೆ ತಿರುಗಿ ನೋಡಿದ್ದು ನನ್ನ ಕಣ್ಣು ತಪ್ಪಲಿಲ್ಲ. ಆಮೇಲೆ ಅವನ ಎರಡನೆಯ ಕಾಗದ ಬಂತು. ಪ್ರಹ್ಲಾದ ಆಗ ಸ್ನಾನಕ್ಕೆ ಹೋಗಿದ್ದ. ಹುಡುಗನ ಮನಸ್ಸು ಯಾಕೆ ಕೆಡಿಸಬೇಕೆಂದು ನಾನು ಅದನ್ನು ಒಡೆಯದೆ ನನ್ನ ರೇಖಾಗಣಿತದ ಪುಸ್ತಕದಲ್ಲಿಟ್ಟೆ.

ಪಡಸಾಲೆಯಲ್ಲಿ ಅವನು ಅಂಕಿ ಓದುತ್ತಿದ್ದ, ನಾನು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುತ್ತಿದ್ದೆ. ಉಪಗ್ರಹ ಸುಮಾರು ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಭೂಮಿಯೇ ಗ್ಯಾಲಕ್ಸಿಗೆ ಅಡ್ಡ ಬರುತ್ತದೆ, ಆಗಿನ ಜಾಗ ಹಾಳೆಯಲ್ಲಿ ಖಾಲಿ ಉಳಿಯುತ್ತದೆ. ಖಾಲಿ ಹಾಳೆ ಕಂಡರೆ ನನಗೆ ಮೈ ಉರಿಯುತ್ತದೆ. ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆ ಕಿತ್ತು ಹೊಲಿದು ಮರುವರ್ಷಕ್ಕೆ ಹೊಸ ಪುಸ್ತಕ ಮಾಡುವ ಮನೆ ನಮ್ಮದು. ಖಾಲಿ ಪಟ್ಟಿಗಳನ್ನೆಲ್ಲ ಕತ್ತರಿಸಿ ತೆಗೆದು, ಉಳಿದ ತುಂಡುಗಳನ್ನು ಮೈದಾಹಿಟ್ಟಿನ ಅಂಟಿನಿಂದ ಒಂದಕ್ಕೊಂದು ಕೂಡಿಸಿದೆ. ಬೆಸುಗೆ ಕಾಣದಷ್ಟು ನೀಟಾಗಿ ಕೂಡಿಸಿದೆ. ಕತ್ತರಿಸಿದ ಪಟ್ಟಿಗಳ ಮೇಲೆ ಕಿರಾಣಿ ಸಾಮಾನಿನ ಯಾದಿ ಬರೆದೆ. ಎಲ್ಲ ಒಂದೇ ಗೋಡೆಯ ಮೇಲೆ ಹಿಡಿಸಿತು, ನೋಡಲಿಕ್ಕೆ ಚೊಲೋ ಆಯಿತು ಎಂದು ಪ್ರಹ್ಲಾದನೂ ತಲೆಯಾಡಿಸಿದ. ಅವನ ಕಣ್ಣೆಲ್ಲ ಆ ಭುಗಿಲುಗಳ ಎತ್ತರದ ಮೇಲೆಯೇ ಇತ್ತು.

ಲೇಖನ ಮುಗಿದ ದಿನ ಬೆಳಿಗ್ಗೆ ಹತ್ತಕ್ಕೆ ಅದನ್ನು ವಿದೇಶಕ್ಕೆ ರಜಿಸ್ಟರ್ ಮಾಡಲು ಅವನು ಪೋಸ್ಟ್ ಆಫೀಸಿಗೆ ಹೋದ. ಬಂದವನೇ ರಸೀದಿಯನ್ನು ಟ್ರಂಕಿನಲ್ಲಿಡು ಎಂದು ನನ್ನ ಕೈಗೆ ಕೊಟ್ಟು, ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಮಲಗಿಬಿಟ್ಟ.

ಅದೇ ಹೊತ್ತಿಗೆ ಬೆಟಗೇರಿಯಿಂದ ಹನಮಂತವ್ವ ಬಂದಳು. ನಾಲ್ವತ್ತು ವರ್ಷ ಮಗ್ಗದ ಮುಂದೆ ಕೂತವಳು, ನಾನು ಹೇಳಿದ ಸೀರೆ ತಂದಿದ್ದಳು. ತಡೆಯುವುದರೊಳಗೆ ಪಡಸಾಲೆಗೆ ನುಗ್ಗಿ ಗೋಡೆ ನೋಡುತ್ತ ನಿಂತಳು, ಇದು ಯಾವ ಸೀರೆ ದಡಿಯ ನಕ್ಷೆ ಎಂದು ಕೇಳಿದಳು. ಇವಳನ್ನು ಅಂದಾನಪ್ಪನೇ ಕಳಿಸಿರಬೇಕು ಎಂದು ಒಂದು ಗಳಿಗೆ ನನಗೆ ಖರೇನ ಅನಿಸಿತು, ಈಗ ಹೇಳಲು ನಾಚಿಕೆಯಾಗುತ್ತದೆ. ಅವಳು ಹಾಳೆಯ ಮೇಲೆ ಬೆರಳಾಡಿಸುತ್ತ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು.

"ಇಲ್ಲಿ ಅಂಟು ಐತಿ, ಅದರ ಮುಂದ ಒಂದು ಗೋಪುರ. ಇಲ್ಲೂ ಅಂಟು, ಇಲ್ಲೂ ಗೋಪುರ. ಅಂಟು ಇಲ್ಲದಲ್ಲಿ ಒಂದೂ ಇಲ್ಲ" ಎಂದಳು. "ತಪ್ಪು ತಿರುಗಿ ತಿರುಗಿ ಒಂದ ಕಡೆ ಬಂದ್ರ ಅದು ನೂಲಿಂದಲ್ಲರಿ ಬಾಯಾರ. ಮಗ್ಗದ್ದು."

ಅವಳನ್ನು ಕಳಿಸಿ ನಾನೇ ಬೆರಳಾಡಿಸಿ ಎಣಿಸಿದೆ. ಹದಿನಾಲ್ಕು ಬೆಸುಗೆ, ಹದಿನಾಲ್ಕು ಗೋಪುರ, ಅಂದರೆ ಪ್ರಹ್ಲಾದನ ಹದಿನಾಲ್ಕೂ ಭುಗಿಲು. ಪುಸ್ತಕದಲ್ಲಿದ್ದ ಕಾಗದ ಒಡೆದೆ. ಭೂಮಿಯ ಅಂಚು ಹತ್ತಿರ ಬಂದಾಗ, ಬಿಸಿಲು ಬಿದ್ದ ನಮ್ಮ ಗಾಳಿಯಿಂದ ಸೂರ್ಯನ ಕ್ಷ-ಕಿರಣ ಚದುರಿ ದೂರದರ್ಶಕದೊಳಗೆ ಸೇರುತ್ತದೆ, ಅದನ್ನು ಗ್ಯಾಲಕ್ಸಿಯದೆಂದು ತಿಳಿದು ತಾನೂ ಮೋಸ ಹೋಗಿದ್ದಾಗಿ ಅಂದಾನಪ್ಪ ಬರೆದಿದ್ದ. ಖಾಲಿ ಜಾಗವನ್ನು ಖಾಲಿಯೇ ಇಟ್ಟು ಗ್ರಾಫ್ ಹಾಕಿದರೆ ತಾನಾಗಿಯೇ ಕಾಣುತ್ತದೆ, ಕಳಿಸುವ ಮೊದಲು ಇದೊಂದು ನೋಡು, ತನ್ನ ಹೆಸರು ಎಲ್ಲೂ ಬೇಡ ಎಂದಿದ್ದ. ಅಕ್ಕನವರು ಎರಡು ಸಲವೂ ಚಹಾ ಕೊಟ್ಟು ಉಪಚರಿಸಿದರು ಎಂದು ಕೊನೆಗೆ ಸೇರಿಸಿದ್ದ.

ಟಾಂಗಾ ಮಾಡಿಕೊಂಡು ಪೋಸ್ಟ್ ಆಫೀಸಿಗೆ ಓಡಿದೆ. ಲಕೋಟೆ ಇನ್ನೂ ಅಲ್ಲೇ ಇತ್ತು. ಮೂರಕ್ಕೆ ಚೀಲ ಸ್ಟೇಷನ್ನಿಗೆ ಹೋಗುತ್ತದೆ, ಅದರೊಳಗೆ ಕಳಿಸಿದವರ ಸಹಿಯ ಅರ್ಜಿ, ರಸೀದಿ ತಂದರೆ ತಿರುಗಿ ಕೊಡುತ್ತೇವೆ ಎಂದು ಗುಮಾಸ್ತ ಹೇಳಿದ. ರಸೀದಿ ಟ್ರಂಕಿನಲ್ಲಿತ್ತು, ಕೀಲಿಕೈ ನನ್ನ ಸೆರಗಿನಲ್ಲಿ. ತಮ್ಮನ ಸಹಿ ನನಗೆ ಚೆನ್ನಾಗಿ ಬರುತ್ತಿತ್ತು, ಅವನಿಗೆ ಅಕ್ಷರ ತಿದ್ದಿಸಿದವಳೇ ನಾನು. ಆ ಕಾಗದ ಇವತ್ತೇ ಬಂತೆಂದು ನಾಳೆ ಸುಳ್ಳು ಹೇಳಿದರೂ ಆಗುತ್ತಿತ್ತು. ಮನೆ ಮುಟ್ಟುವವರೆಗೂ ಹಾಗೇ ಮಾಡಬೇಕೆಂದಿದ್ದೆ. ಆದರೆ ಒಳಕೋಣೆಯಲ್ಲಿ ಅವನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದುದನ್ನು ಕಂಡು ನನ್ನ ಬಗ್ಗೆಯೇ ನನಗೆ ಹೇಸಿಗೆ ಬಂತು. ಎಬ್ಬಿಸಿ, ಕಾಗದ ಕೈಗಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ಕಾಗದ ಓದಿದ. ಎದ್ದು ಪಡಸಾಲೆಗೆ ಬಂದು ಗೋಡೆ ನೋಡಿದ. ಆಮೇಲೆ ಕಾಗದ ತಿರುವಿ ಅಂಚೆಯ ಮುದ್ರೆ ನೋಡಿದ.

"ಹನ್ನೊಂದು ದಿನ ಆತು, ಅಕ್ಕಾ" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ರಸೀದಿ ತೆಗೆಸಿಕೊಂಡು, ಅರ್ಜಿ ಬರೆದು ಹೋದ. ಮೂರೂವರೆಗೆ ಲಕೋಟೆ ಹಿಡಿದು ಬಂದ. ಗೋಡೆಯ ಗ್ರಾಫ್ ಇಳಿಸಿ, ಒಂದೊಂದೇ ಬೆಸುಗೆಯನ್ನು ಕತ್ತರಿಸಿ, ನಡುವೆ ಜಾಗ ಬಿಟ್ಟು ನೆಲದ ಮೇಲೆ ಹಾಸಿದ. ನಾನು ಅಡಿಗೆಮನೆಯಿಂದ ಆ ಖಾಲಿ ಪಟ್ಟಿಗಳನ್ನು ತಂದು ಕೊಟ್ಟೆ. ತೊಗರಿಬ್ಯಾಳಿ, ಬೆಲ್ಲ, ಸೀಮೆಎಣ್ಣೆ ಎಂದು ನನ್ನ ದುಂಡನೆಯ ಅಕ್ಷರವಿದ್ದ ಪಟ್ಟಿಗಳು ಒಂದೊಂದು ಗೋಪುರದ ಪಕ್ಕಕ್ಕೂ ಸರಿಯಾಗಿ ಕೂತವು. ಗ್ಯಾಲಕ್ಸಿ ಭುಗಿಲೆದ್ದೇ ಇರಲಿಲ್ಲ.

ಎಲ್ಲವನ್ನೂ ಮಡಚಿ ಟ್ರಂಕಿಗೆ ಹಾಕಿ ಬೀಗ ಒತ್ತಿದ. ಹಿರೇವಡ್ಡಟ್ಟಿಗೆ ಹೋಗಿ ಅಂದಾನಪ್ಪನ ಕೂಡ ಕೂತು ಮತ್ತೊಮ್ಮೆ ಮೊದಲಿನಿಂದ ಮಾಡುತ್ತೇನೆ, ಮುಂಡರಗಿ ಬಸ್ಸು ಐದಕ್ಕಿದೆ ಎಂದ. ಟ್ರಂಕು ಇಲ್ಲೇ ಇರಲಿ, ನಾನು ನೋಡಿಕೊಳ್ಳುತ್ತೇನೆ ಎಂದೆ. ಅವನು ನನ್ನ ಮುಂದೆ ಕೈ ಚಾಚಿದ.

ಸೆರಗಿನ ಗಂಟು ಬಿಗಿದುಕೊಂಡಿತ್ತು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ಬಾಗಿಲ ಕಡೆ ನೋಡುತ್ತ, ಚಾಚಿದ ಕೈ ಹಿಂದೆಗೆಯದೆ ನಿಂತಿದ್ದ.