ಪಕ್ಕದ ಮನೆ ಬರ್ಕೊಳ್ಳಿ

ಟೈಲರಕ್ಕನ ಮಗಳಿಗೆ ನಾಲ್ಕು ದಿನದಿಂದ ಭೇದಿ. ಹುಡುಗಿಯ ಕಣ್ಣು ಗುಳಿಬಿದ್ದಿತ್ತು. ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿಸಿ, ಅಕ್ಕ ಬಾಯಿ ಹೊಲಿದುಕೊಂಡು ಕೂತಿದ್ದಳು. ವಿಷಯ ಗೊತ್ತಾದರೆ ಹೊಲಿಗೆಗೆ ಯಾರು ಬರುತ್ತಾರೆ ಎಂಬ ಭಯ. ಅಷ್ಟರಲ್ಲಿ ಸರ್ವೆಯವಳು ಬಾಗಿಲು ತಟ್ಟಿದಳು.

"ನೀರು, ಆರೋಗ್ಯದ ಸರ್ವೆ. ಚೀಟಿ ಎತ್ತಿದಾಗ ನಿಮ್ಮ ಮನೆ ಬಂತು."

ಅಕ್ಕನ ಅತ್ತೆ ಅಡ್ಡ ನಿಂತರು. "ಆರುನೂರು ಮನೇಲಿ ನಮ್ಮನೇನೇ ಕಣ್ಣಿಗೆ ಬಿತ್ತಾ? ಯಾರು ಚಾಡಿ ಹೇಳಿದ್ದು?"

"ಯಾರೂ ಇಲ್ಲ ಅಜ್ಜಿ. ಎಲ್ಲಾ ಮನೆ ಸುತ್ತೋಕೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಚೀಟಿ ಎತ್ತಿ ಅರವತ್ತು ಮನೆ ಆರಿಸಿದೀವಿ."

"ಪಕ್ಕದ ಮನೆ ಬರ್ಕೊಳ್ಳಿ ಮೇಡಂ," ಎಂದಳು ಅಕ್ಕ. "ಓದಿದವರು, ಚೆನ್ನಾಗಿ ಮಾತಾಡ್ತಾರೆ." ಅವರು ಕುಡಿಯುವುದು ಕ್ಯಾನ್ ನೀರು ಎಂಬುದನ್ನು ಮಾತ್ರ ನುಂಗಿಕೊಂಡಳು.

ಬಾಗಿಲ ಬಳಿಯೇ ಇದ್ದ ಹೊಲಿಗೆ ಮೆಷಿನ್ ಪಕ್ಕದ ಬಟ್ಟಲಲ್ಲಿ ಕೆಂಪು ಬಟ್ಟೆಯ ಚೂರೊಂದು ನೆನೆಯುತ್ತಿತ್ತು. "ಇದೇನಕ್ಕಾ?" ಎಂದಳು ಸರ್ವೆಯವಳು.

"ಬಣ್ಣ ಬಿಡುತ್ತಾ ನೋಡೋಕೆ."

"ಇಡೀ ಥಾನು ಬಟ್ಟೆ ನೆನೆಸಲ್ವಾ?"

"ಅಯ್ಯೋ, ಎಲ್ಲಾದ್ರೂ ಉಂಟಾ! ಒಂದು ಚೂರು ಸಾಕು."

"ಅಂಗಡಿಯವನೇ ಆರಿಸಿಕೊಟ್ಟ ಚೂರಾದ್ರೆ?"

"ಬಣ್ಣ ಬಿಡದೇ ಇರೋದನ್ನೇ ಕೊಡ್ತಾನೆ, ಕಿಲಾಡಿ!" ಎಂದವಳು ನಾಲಿಗೆ ಕಚ್ಚಿಕೊಂಡಳು. ತಾನು ಈಗ ಮಾಡಿದ್ದೂ ಅದೇ ಕಿಲಾಡಿತನ.

ಅತ್ತೆ ಬಿಡಲಿಲ್ಲ. "ಯಾರಿಗೆ ಕಾಯಿಲೆ ಅಂತ ಆಸ್ಪತ್ರೆ ಪುಸ್ತಕ ನೋಡಿದ್ರೆ ಗೊತ್ತಾಗಲ್ವೇನಮ್ಮಾ?"

"ಹೋದವರ ಲೆಕ್ಕ ಇರುತ್ತೆ ಅಜ್ಜಿ. ಹೋಗದೇ ಇರೋರದ್ದು?"

ಒಳಗೆ ಹುಡುಗಿ ನರಳಿದಳು. ಅತ್ತೆ ಒಳಕ್ಕೆ ತಿರುಗಿ ನೋಡಿದರು. "ನಮ್ಮ ಕೂಸು ಆ ಪುಸ್ತಕದಲ್ಲಿ ಇಲ್ಲ," ಎಂದು ದಾರಿ ಬಿಟ್ಟರು.

ಸರ್ವೆಯವಳು ಪೆನ್ನು ಮುಚ್ಚಿದಳು. "ಮೊದಲು ಆಸ್ಪತ್ರೆ. ಬರೆಯೋದು ಆಮೇಲೆ. ಹೆಸರು ಹೊರಗೆ ಹೋಗಲ್ಲ, ಹೆದರಬೇಡಿ."

ಎರಡು ದಿನ ಡ್ರಿಪ್ ಹಾಕಿದ ಮೇಲೆ ಹುಡುಗಿ ಎದ್ದು ಕೂತಳು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅಕ್ಕ ಸರ್ವೆಯವಳನ್ನು ಕರೆಸಿ ಎಲ್ಲವನ್ನೂ ಬರೆಸಿದಳು.

ಅರವತ್ತು ಮನೆಗಳಲ್ಲಿ ಹದಿನೆಂಟರಲ್ಲಿ ಭೇದಿ ಇತ್ತು. ಅಂದರೆ ಆರುನೂರರಲ್ಲಿ ಸುಮಾರು ನೂರೆಂಬತ್ತು. ಆಸ್ಪತ್ರೆ ಪುಸ್ತಕದಲ್ಲಿದ್ದದ್ದು ಒಂಬತ್ತೇ ಮನೆ! ಲೆಕ್ಕ ಕೈಗೆ ಬಂದ ಮರುದಿನವೇ ನೀರಿನ ಇಲಾಖೆಯವರು ರಸ್ತೆ ಅಗೆದರು. ಚರಂಡಿಯ ಕೆಳಗೆ ನೀರಿನ ಪೈಪು ಒಡೆದು, ಕೊಳಚೆ ಒಳಗೆ ಸೇರುತ್ತಿತ್ತು.

"ಪಕ್ಕದ ಮನೆ ಬರ್ಕೊಂಡಿದ್ರೆ?" ಎಂದು ಅಕ್ಕ ಈಗಲೂ ಬೆಚ್ಚುತ್ತಾಳೆ.

ಚೀಟಿಯಲ್ಲಿ ನಿಮ್ಮ ಮನೆ ಬಂದರೆ ಪಕ್ಕದ ಮನೆ ತೋರಿಸಬೇಡಿ. ನೀವು ಹತ್ತು ಮನೆಗಳ ಪರವಾಗಿ ಮಾತಾಡುತ್ತಿದ್ದೀರಿ. ಬಾಗಿಲು ತೆಗೆಯಿರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.